ಕೆಂಪುಕಾಲಿಯ ಕಡ್ಡಿ

ಅಜಾಪ್, ಓಯೆಮ್ ಪೇಟೆಯ ಆಚೆ
ಆಗಸ್ಟ್ ಹದಿನಾಲ್ಕು

ಪ್ರೀತಿಯ ಓಯಾನೆ,

ಹೇಗಿದ್ದೀಯ ಮಗಳೇ? ಸೊಂಟನೋವು ಕಡಿಮೆಯಾಯಿತೇ? ದಿನವಿಡೀ ಬಗ್ಗಿ ಕಳೆ ಕೀಳಬೇಡ ಎಂದರೆ ಕೇಳುವವಳಲ್ಲ ನೀನು. ನನ್ನ ಹಟವೇ ನಿನಗೆ ಬಂದಿದೆ, ಯಾರನ್ನು ದೂರಲಿ. ಅಳಿಯ, ಮಕ್ಕಳು ಕ್ಷೇಮ ತಾನೆ? ನಿನ್ನ ಅತ್ತೆ ಮೆಂಗೆಯವರ ಕೆಮ್ಮು ಹೇಗಿದೆ? ನಾನು ಚೆನ್ನಾಗಿದ್ದೇನೆ. ಮೊಣಕಾಲೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಹೇಳಿದ ಮಾತು ಕೇಳುತ್ತಿದೆ.

ನಿನ್ನ ತಂಗಿ ಬಿಲೊಗೊಳ ಮದುವೆ ಗೊತ್ತಾಗಿದೆ. ಮಳೆ ಹಿಡಿಯುವ ಮೊದಲೇ ಕಳಿಸಿಕೊಡಿ ಎನ್ನುತ್ತಿದ್ದಾರೆ ಗಂಡಿನ ಕಡೆಯವರು. ಅವಳಿಗೆಂದು ಕಾಡು ಕಡಿದು, ಸುಟ್ಟು, ಹೊಲ ಹಸನು ಮಾಡಿಟ್ಟು ತವರಿನ ಮರಗೆಣಸಿನ ಕಡ್ಡಿಗಾಗಿ ಕಾಯುತ್ತಿದ್ದಾರಂತೆ. ಹುಡುಗ ಒಳ್ಳೆಯವನು, ಮಾತು ಕಡಿಮೆ. ಇವಳ ಬಾಯಿಗೆ ಅಂಥವನೇ ಸರಿ.

ನಮ್ಮ ಹೊಲದ ಸಂಗತಿ ನಿನಗೆ ತಿಳಿಸಿರಲಿಲ್ಲ. ಎಲೆ ಮುರುಟಿ ಹಳದಿಯಾಗುವ ರೋಗ ಬಂದಿತ್ತು. ಮಳೆ ಬಿದ್ದರೆ ಚಿಗುರುತ್ತದೆ ಎಂದುಕೊಂಡು ಅದೇ ಗಿಡಗಳ ಕಡ್ಡಿ ಕತ್ತರಿಸಿ ಹೊಸ ಹೊಲದಲ್ಲೂ ನೆಟ್ಟೆ. ರೋಗವನ್ನು ನನ್ನ ಕೈಯಾರೆ ಹೊತ್ತು ತಂದಂತಾಯಿತು. ಮಕ್ಕಳು ಬೇಯಿಸಿ ತಿನ್ನುವ ಸಿಹಿ ಜಾತಿ ಸ್ವಲ್ಪ ಉಳಿದಿದೆ, ಬೇಗ ಬಲಿಯುವ ಬಿಳಿಯದೂ ಇದೆ. ಕಡುಬಿನ ಕಹಿ ಜಾತಿ ಕೆಂಪುಕಾಲಿ ಮಾತ್ರ ಒಂದೂ ಉಳಿಯಲಿಲ್ಲ. ನನ್ನ ಅಮ್ಮ ಕೊಟ್ಟದ್ದು, ಅವಳಿಗೆ ಅವಳ ಅಮ್ಮ ಕೊಟ್ಟದ್ದು. ಕೊನೆಯ ಗಿಡ ಕಿತ್ತ ದಿನ ನಾನು ಊಟ ಮಾಡಲಿಲ್ಲ.

ಕೃಷಿ ಕಚೇರಿಯವರು ಹೊಸ ಕಡ್ಡಿ ಕೊಟ್ಟಿದ್ದಾರೆ. ಸುಳ್ಳು ಹೇಳಬಾರದು, ಗೆಡ್ಡೆ ತೊಡೆಯಷ್ಟು ದಪ್ಪ, ರೋಗಕ್ಕೂ ಜಗ್ಗುವುದಿಲ್ಲ. ಆದರೆ ನೆನೆಸಿ ಅರೆದು ಎಲೆಯಲ್ಲಿ ಕಡುಬು ಕಟ್ಟಿದರೆ ನೀರು ನೀರು, ಮೂರನೆಯ ದಿನಕ್ಕೆ ಹುಳಿ. ಕೀಳುವುದು ತಡವಾದರೆ ಮಣ್ಣಿನಲ್ಲೇ ಕೊಳೆಯುತ್ತದೆ. ಕೆಂಪುಕಾಲಿ ಹಾಗಲ್ಲ, ಬೇಕಾದಾಗ ಬಾ ಎಂದು ವರ್ಷಗಟ್ಟಲೆ ಕಾಯುತ್ತಿತ್ತು. ಕಹಿಯೆಂದು ಕಾಡುಹೆಗ್ಗಣವೂ ಮೂಸುತ್ತಿರಲಿಲ್ಲ.

ಮದುವೆಯಾಗಿ ನೀನು ಕೆಂಪುಕಾಲಿಯ ಕಡ್ಡಿಯ ಕಟ್ಟು ಹೊತ್ತು ಹೋದ ದಿನ ಮೆಂಗೆಯವರು ಅಂದದ್ದು ನೆನಪಿದೆಯೇ? "ಇದೇನಮ್ಮ, ಸೊಸೆ ಸೌದೆ ಹೊತ್ಕೊಂಡು ಬಂದಿದಾಳೆ! ನಮ್ಮೂರಲ್ಲಿ ಕಾಡಿಲ್ವಾ?" ಈಗ ಅವರಿಗೆ ಆ ಗೆಡ್ಡೆಯ ಕಡುಬೇ ಬೇಕಂತೆ. ಬಿಲೊಗೊ ಮಾತ್ರ, "ಕಡ್ಡಿ ಇಲ್ದಿದ್ರೆ ಏನೀಗ, ಎರಡು ಬಟ್ಟೆ ಜಾಸ್ತಿ ಕೊಡ್ಸು" ಎಂದು ನಗುತ್ತಾಳೆ. ಮೊನ್ನೆ ಹೊಲದ ಬದಿಯಲ್ಲಿ ಒಬ್ಬಳೇ ಕೂತು ಅಳುತ್ತಿದ್ದಳು. ನಾನು ನೋಡದವಳ ಹಾಗೆ ಮನೆಗೆ ಬಂದೆ. ಬರಿಗೈಯಲ್ಲಿ ಹೋದ ಸೊಸೆ ಅತ್ತೆಯ ಹೊಲದ ಆಳಾಗುತ್ತಾಳೆ, ನಿನಗೆ ಗೊತ್ತಲ್ಲ.

ನಿನ್ನ ಹೊಲದಲ್ಲಿ ಕೆಂಪುಕಾಲಿ ಚೆನ್ನಾಗಿದೆಯೇ? ಎಲೆ ನೆಟ್ಟಗಿದೆಯೇ? ನೋಡಿಡು. ಇದ್ದರೆ ಬಿಲೊಗೊಳಿಗೆ ಒಂದು ಕಟ್ಟು ಬೇಕು. ಹಿರಿಯರ ಹರಕೆ ನಿನ್ನ ಮನೆಯ ಮೇಲಿರಲಿ. ಮೆಂಗೆಯವರಿಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳ ಕೆನ್ನೆ ಸವರು.

ನಿನ್ನ ಅಮ್ಮ,
ಅಂದೆಮೆ

ಮರೆತಿದ್ದೆ: ಕಡ್ಡಿಯನ್ನು ಲಾರಿಯವರ ಕೈಯಲ್ಲಿ ಕಳಿಸಬೇಡ. ಮಗಳಿಗೆ ಕೊಟ್ಟ ಕಡ್ಡಿ ತವರಿಗೆ ಮರಳಿತೆಂದರೆ ಅವಳು ಗಂಡನನ್ನು ಬಿಟ್ಟಳೆಂದೇ ಊರು ಆಡಿಕೊಳ್ಳುತ್ತದೆ. ಅಳಿಯನ ತಲೆ ತಗ್ಗಬಾರದು. ಶನಿವಾರ ನಾನೇ ಬರುತ್ತೇನೆ. ಮೆಂಗೆಯವರ ಎದುರಿಗೇ ನಿನ್ನ ಹೊಲದ ಅಂಚಿನಲ್ಲಿ ತಲೆ ಬಗ್ಗಿಸಿ ನಿಲ್ಲುತ್ತೇನೆ. ತಾಯಿ ಮಗಳಿಗೆ ಕೊಡುವ ಹಾಗೆ ಕಟ್ಟನ್ನು ನನ್ನ ತಲೆಯ ಮೇಲಿಟ್ಟು, ನಾನು ಅಂದು ನಿನಗೆ ಹೇಳಿದ್ದನ್ನೇ ಹೇಳು: "ನೆಡು, ಉಣ್ಣು, ಮುಂದಿನವಳಿಗೆ ಕೊಡು, ಮಗಳೇ." ಆಗ ಅದು ಮರಳಿದ ಕಡ್ಡಿಯಾಗುವುದಿಲ್ಲ. ಕೊನೆಯ ಮಾತನ್ನು ನಾಚಿಕೊಂಡು ನುಂಗಬೇಡ. ಅಮ್ಮ ಹೋದ ಮೇಲೆ ನನ್ನನ್ನು ಯಾರೂ ಹಾಗೆ ಕರೆದಿಲ್ಲ.