ಅಪ್ಪನ ಆತ್ಮಕಥೆಗೆ ಮುನ್ನುಡಿ

ಕಾಲೇಜಿನ ಸ್ಟಾಫ್ ರೂಮು,
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಪ್ಪಾ,

ಮೊಣಕಾಲು ಹೇಗಿದೆ? ಆಪರೇಷನ್ ಆದ ಕಾಲಿನಲ್ಲೇ ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೀರಂತೆ. ಪ್ರಧಾನಿಗೇ ಎದುರು ಮಾತಾಡಿದೆ ಅಂತ ಬರೆದುಕೊಂಡವರು ಡಾಕ್ಟರ ಮಾತು ಕೇಳುತ್ತೀರಾ! ನಾನು ಚೆನ್ನಾಗಿದ್ದೇನೆ ಅನ್ನಬೇಕು, ಅಂದಿದ್ದೇನೆ.

ನಿಮ್ಮ ಆತ್ಮಕಥೆಯ ಕರಡು ಓದಿದೆ. ಇತಿಹಾಸ ಕಲಿಸುವ ಮಗಳ ಮುನ್ನುಡಿ ಇದ್ದರೆ ಪುಸ್ತಕಕ್ಕೆ ತೂಕ ಬರುತ್ತದೆ, ನಾಳೆ ಇತಿಹಾಸ ಬರೆಯುವವರಿಗೆ ಇದೇ ಆಧಾರವಾಗುತ್ತದೆ ಅಂದಿದ್ದಿರಿ. ರಾಜಕಾರಣಿಗಳ ಆತ್ಮಕಥೆ ಹೇಗೆ ಓದಬೇಕು ಅಂತ ನನ್ನ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇನೆ: ತನ್ನ ಬೆನ್ನು ತಾನೇ ತಟ್ಟಿಕೊಂಡ ಕಡೆ ನಂಬಬೇಡಿ, ಬೇರೇನೋ ಹೇಳುವ ಭರದಲ್ಲಿ ಬಾಯಿ ಜಾರಿದ ಕಡೆ ನಂಬಿ. ನಿಮ್ಮ ಪುಸ್ತಕವನ್ನೂ ಹಾಗೇ ಓದಿದೆ. ಓದಬಾರದಿತ್ತೇನೋ.

ನೀವು ಗೃಹಮಂತ್ರಿಯಾಗಿದ್ದಾಗ, ಸರ್ಕಾರದ ವಿರುದ್ಧ ನಿಂತು ತಲೆಮರೆಸಿಕೊಂಡಿದ್ದ ಚಿಕ್ಕಪ್ಪನನ್ನು ಪೊಲೀಸರು ಹಿಡಿದದ್ದು ನಿಮಗೆ ಮರುದಿನದ ಪೇಪರಿನಿಂದ ಗೊತ್ತಾಯಿತು ಅಂತ ಪುಟಗಟ್ಟಲೆ ಬರೆದಿದ್ದೀರಿ. ಯಾರೂ ಕೇಳಿರಲಿಲ್ಲವಲ್ಲ ಅಪ್ಪಾ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಚಿಕ್ಕಪ್ಪ ಜೈಲಿನಲ್ಲೇ ಸತ್ತರು, ಅವರು ಬಂದು ಸಾಕ್ಷಿ ಹೇಳುವುದಿಲ್ಲ. ಆದರೆ ಅಮ್ಮನನ್ನು ಹೊಗಳುವ ಅಧ್ಯಾಯದಲ್ಲಿ ನೀವೇ ಬರೆದಿದ್ದೀರಿ: 'ನನ್ನ ತಮ್ಮ ಕೊನೆಯ ಸಲ ನಮ್ಮಲ್ಲಿ ಉಂಡ ದಿನ ಅರ್ಧಕ್ಕೇ ಎದ್ದ. ಆ ತಟ್ಟೆ ತೊಳೆಯಲು ನನ್ನ ಹೆಂಡತಿಗೆ ಕೈಯೇ ಬರಲಿಲ್ಲ.' ಯಾಕೆ ಎದ್ದರು ಅಂತ ಮಾತ್ರ ಬರೆದಿಲ್ಲ. ಪೊಲೀಸರು ಊಟದ ಕೋಣೆಗೇ ಬಂದಿದ್ದರು, ಅದಕ್ಕೇ ಎದ್ದರು. ನೀವು ಎದುರಿಗೇ ಕೂತಿದ್ದಿರಿ.

ಇದು ಒಂಬತ್ತು ವರ್ಷದವಳ ನೆನಪು. ನಿಮ್ಮದನ್ನು ಅನುಮಾನಿಸಿದವಳು ನನ್ನದನ್ನೂ ಅನುಮಾನಿಸಬೇಕಲ್ಲ, ಚಿಕ್ಕಮ್ಮನ ಹತ್ತಿರ ಹೋದೆ. "ಅಣ್ಣ ಊಟಕ್ಕೆ ಕರ್ದಿದ್ದಾನೆ ಅಂತ ಖುಷಿಯಾಗಿ ಹೋದ್ರು ಕಣೆ. ಅಡಗಿದ್ದ ಜಾಗ ಬಿಟ್ಟು ಹೋದ್ರು" ಅಂದರು. ಅಷ್ಟು ಹೇಳಿ, ನಿಮ್ಮ ಕಾಲು ಹೇಗಿದೆ ಅಂತ ವಿಚಾರಿಸಿದರು. ನಾಚಿಕೆಯಿಂದ ನಾನು ತಲೆ ಎತ್ತಲಿಲ್ಲ.

ಮಾತ್ರೆ ತಪ್ಪಿಸಬೇಡಿ. ಅಕ್ಕನಿಗೂ ಭಾವನಿಗೂ ಕೇಳಿದೆ ಅಂತ ಹೇಳಿ.

ನಿಮ್ಮ
ಕಿರಿಮಗಳು

ಮತ್ತೆ: ಕ್ಲಾಸಿಗೆ ಹೊತ್ತಾಯಿತು, ಮುನ್ನುಡಿ ಇದರ ಜೊತೆಗೇ ಇಟ್ಟಿದ್ದೇನೆ. ಮೊದಲ ವಾಕ್ಯ ಹೀಗಿದೆ: 'ಅವತ್ತು ಊಟದ ನಡುವೆ, ಪೊಲೀಸರು ಕರೆಗಂಟೆ ಬಾರಿಸುವ ಮೊದಲೇ ಅಪ್ಪ ನನಗೆ, ಹೋಗಿ ಬಾಗಿಲು ತೆಗಿ ಪುಟ್ಟಿ, ಅಂದರು.' ಇದು ಇದ್ದರೆ ಮಾತ್ರ ನನ್ನ ಹೆಸರು ಹಾಕಿ.