ಆರೋಗ್ಯವಂತರ ಸಾಲಿನಲ್ಲಿ ಅಕ್ಕನ ರಕ್ತ

ಗುರುವಾರ, ನವೆಂಬರ್ 14

ಬೆಳಿಗ್ಗೆಯಿಂದ ಒಂದೇ ಟ್ಯೂಬು ಕಣ್ಣ ಮುಂದಿದೆ.

ಶ್ವಾಸಕೋಶದ ಕ್ಯಾನ್ಸರ್ ಗೆಡ್ಡೆಯಾಗಿ ಕಾಣುವ ಮೊದಲೇ ರಕ್ತಕಣಗಳಲ್ಲಿ ಕೆಲವು ಜೀನ್‌ಗಳು ಚುರುಕಾಗುತ್ತವೆ, ಕೆಲವು ಮಂಕಾಗುತ್ತವೆ. ನಮ್ಮ ಪ್ರಯೋಗಾಲಯ ಹುಡುಕುತ್ತಿರುವುದು ಆ ಗುರುತನ್ನು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತ ಸಾಲದೆ ನಾವೆಲ್ಲ ಮನೆಯವರನ್ನೇ ಕರೆತಂದಿದ್ದೆವು. ನಾನು ಅಕ್ಕನನ್ನು ಕರೆದೊಯ್ದೆ. ಸಿಗರೇಟು ಸೇದುತ್ತಿದ್ದವರು ಭಾವ, ಅವಳು ಮುಟ್ಟಿದವಳಲ್ಲ.

ಇವತ್ತು ಆರೋಗ್ಯವಂತರ ಸಾಲಿನಲ್ಲಿ ಒಂದು ಮಾದರಿ ರೋಗಿಗಳ ಹಾಗೆಯೇ ಬಂತು. "ಇದೆಲ್ಲೋ ಕೆಟ್ಟಿದೆ, ಲೆಕ್ಕದಿಂದ ತೆಗೆದುಬಿಡಿ," ಎಂದರು ಮುಖ್ಯಸ್ಥರು. ಟ್ಯೂಬಿನ ಮೇಲೆ ಹೆಸರಿಲ್ಲ, ಸಂಕೇತ ಮಾತ್ರ. ಆದರೆ ಆ ಚೀಟಿ ಅಂಟಿಸಿದವಳು ನಾನು. ಪರೀಕ್ಷೆ ಇನ್ನೂ ರುಜುವಾತಾಗಿಲ್ಲವಾದ್ದರಿಂದ ಫಲಿತಾಂಶವನ್ನು ರಕ್ತ ಕೊಟ್ಟವರಿಗೆ ತಿಳಿಸಬಾರದೆಂಬುದು ನಿಯಮ.

ಸಂಜೆ ಅಕ್ಕನೇ ಫೋನ್ ಮಾಡಿದಳು. "ಏನೇ, ನನ್ನ ರಕ್ತಕ್ಕೆ ಎಷ್ಟು ಮಾರ್ಕ್ಸ್ ಕೊಟ್ರು ನಿಮ್ಮೋರು?"

"ಪಾಸಾಗಿದೀಯ ಬಿಡು."

"ಅಷ್ಟೇನಾ? ನಾನು ರ‍್ಯಾಂಕ್ ಬರುತ್ತೆ ಅಂದ್ಕೊಂಡಿದ್ದೆ."

ಅನುವಾದಿತ ಕಾದಂಬರಿಗಳಲ್ಲಿ ಇಂಥ ಸುಳ್ಳುಗಳನ್ನು ಎಷ್ಟೋ ಓದಿದ್ದೇನೆ. ಹೇಳಿದ ಮೇಲೆ ಫೋನ್ ಕೆಳಗಿಡಲು ಇಷ್ಟು ಹೊತ್ತು ಹಿಡಿಯುತ್ತದೆಂದು ಯಾವುದರಲ್ಲೂ ಇರಲಿಲ್ಲ.

ಈ ಪರೀಕ್ಷೆ ನಿಜವಾಗಲೆಂದು ಇಷ್ಟು ವರ್ಷ ದುಡಿದವಳು ಇವತ್ತು ಅದು ಸುಳ್ಳಾಗಲಿ ಎಂದು ಬಯಸುತ್ತಿದ್ದೇನೆ. ನಿಜವೇ ಆಗಿದ್ದರೆ, ನಾನು ಸುಮ್ಮನಿರುವ ಪ್ರತಿ ದಿನವೂ ಅವಳ ಆಯುಸ್ಸಿನದು. ಕೆಲಸ ಹೋದರೆ ಹೋಗಲಿ, ನಾಳೆ ಅವಳ ಮನೆಗೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸಿಕೋ ಎನ್ನುತ್ತೇನೆ. ಯಾಕೆ ಎಂದು ಕೇಳಿಯೇ ಕೇಳುತ್ತಾಳೆ. ಆಗ ಹೇಳಬೇಕಾದ ಮೊದಲ ಮಾತು ಇನ್ನೂ ಸಿಕ್ಕಿಲ್ಲ. ಅಕ್ಕಾ, ನಿನ್ನೆ ಫೋನಿನಲ್ಲಿ ನಾನು…