ಆರೋಗ್ಯವಂತರ ಪಟ್ಟಿಯಲ್ಲಿ ನನ್ನ ಹೆಸರು

ಡನೀಡನ್
ಮೇ 18, ಭಾನುವಾರ

ಪ್ರೀತಿಯ ಅಮ್ಮ,

ಮೂರು ವಾರದಿಂದ ಒಂದು ಸಾಲೂ ಬರೆದಿಲ್ಲ, ಕ್ಷಮಿಸು. "ತಪ್ಪು ಮಾಡೋದು ಟೋಂಗಾದವಳ ಹಾಗೆ, ಸಾರಿ ಕೇಳೋದು ನಿಮ್ಮಪ್ಪನ ಕಡೆಯ ಇಂಗ್ಲಿಷರ ಹಾಗೆ" ಎಂದು ನೀನು ನಗುವುದು ಇಲ್ಲಿಗೇ ಕೇಳಿಸುತ್ತಿದೆ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿ ಕೇಳಿದ ಕೂಡಲೇ ಇವತ್ತು ನಿನ್ನ ಮನಸ್ಸಿಗೆ ಏರು ದಿನವೋ ಇಳಿ ದಿನವೋ ಎಂದು ಅಳೆಯಲು ಶುರುಮಾಡುತ್ತೇನೆ, ಹೇಳಬೇಕಾದದ್ದು ಹೇಳದೆಯೇ ಫೋನ್ ಇಡುತ್ತೇನೆ. ಶಾಲೆಯ ಹಾಸ್ಟೆಲಿನಲ್ಲಿ ಐದು ವರ್ಷ ಭಾನುವಾರದ ಕಾಗದ ಬರೆದವಳಿಗೆ ಕಾಗದವೇ ಸಲೀಸು.

ಸೆಲಾ ದೊಡ್ಡಮ್ಮ ಬಸ್ಸಿನಲ್ಲಿ ಕಳಿಸಿದ ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಕುರಿಮಾಂಸ ತಲುಪಿತು. ಎರಡು ಪೊಟ್ಟಣ ನಾನು ತಿಂದೆ, ಉಳಿದದ್ದು ಪಕ್ಕದ ಕೋಣೆಯವರು ಕೇಳದೆಯೇ ತಿಂದರು. ಅಂಗರಚನೆಯ ಪರೀಕ್ಷೆ ಜೂನ್‌ನಲ್ಲಿ. ಕೈಯ ಇಪ್ಪತ್ತೇಳು ಎಲುಬುಗಳ ಹೆಸರೂ ಬಾಯಿಪಾಠ, ಆದರೂ ರಾತ್ರಿ ಎದ್ದು ಮತ್ತೆ ಎಣಿಸುತ್ತೇನೆ.

ಈಗ ವಿಷಯ. ಏಪ್ರಿಲ್‌ನಲ್ಲಿ ಲೈಬ್ರರಿಯ ಗೋಡೆಯ ಮೇಲೆ ಒಂದು ಚೀಟಿ ನೋಡಿದೆ. ಖಿನ್ನತೆ ಇರುವವರ, ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್ ಇರುವವರ ಮಿದುಳಿನ ಚಿತ್ರ ತೆಗೆಯುತ್ತಾರಂತೆ. ಹೋಲಿಸಿ ನೋಡಲು ಆರೋಗ್ಯವಂತರೂ ಬೇಕಂತೆ. ಹೆಸರು ಕೊಟ್ಟೆ. ಅರ್ಜಿಯಲ್ಲಿ ಒಂದು ಪ್ರಶ್ನೆ: ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕಾಯಿಲೆ ಇದೆಯೇ?

ಇಲ್ಲ ಎಂದು ಗುರುತು ಹಾಕಿದೆ.

ಹೌದು ಎಂದರೆ ಬಾಗಿಲಲ್ಲೇ ವಾಪಸು ಕಳಿಸುತ್ತಾರೆ ಎಂದುಕೊಂಡೆ. ನನಗೆ ನೋಡಲೇಬೇಕಿತ್ತು ಅಮ್ಮ, ನಿನ್ನ ಕಾಯಿಲೆ ನನ್ನೊಳಗೂ ಬಂದು ಕೂತಿದೆಯೋ ಎಂದು.

ಚಿತ್ರ ತೆಗೆಯುವ ಅಯಸ್ಕಾಂತದ ಯಂತ್ರ ನಡೆಸುವವನು ಮರೇ ಎಂಬ ಮುದುಕ. "ಜೇಬಲ್ಲಿರೋ ಕೀಲಿ, ತಲೇಲಿರೋ ಪಿನ್ನು, ಎದೇಲಿರೋ ಕಬ್ಬಿಣ, ಎಲ್ಲಾ ಈ ಬುಟ್ಟಿಗೆ ಹಾಕು ಮರಿ" ಎಂದ. ಸುರಂಗದಂಥ ಕೊಳವೆಯೊಳಗೆ ಮಲಗಿಸಿದರು. ನೀನು ಕೆಲಸ ಮಾಡುವ ಮಾಂಸದ ಕಾರ್ಖಾನೆಯ ಸರಪಳಿ ಸಿಕ್ಕಿಕೊಂಡಾಗ ಬಡಿಯುತ್ತದಲ್ಲ, ಅದೇ ಸದ್ದು. ಕಣ್ಣೆದುರು ಒಂದೊಂದೇ ಮುಖ ಬರುತ್ತಿತ್ತು. ಕೋಪವೋ ಭಯವೋ ಸಂತೋಷವೋ, ನೋಡಿ ಗುಂಡಿ ಒತ್ತಬೇಕು.

ಹೊರಗೆ ಬಂದಾಗ ಮರೇ ತಲೆ ಕೆರೆದುಕೊಂಡ. "ಏನ್ ಹುಡುಗೀನಮ್ಮಾ ನೀನು! ಮುಖ ಪೂರ್ತಿ ಮೂಡೋ ಮುಂಚೇನೇ ಒತ್ತಿಬಿಡ್ತೀಯಲ್ಲ, ಒಂದೂ ತಪ್ಪಿಲ್ಲ. ಇದನ್ನ ಯಾರ ಹತ್ರ ಕಲಿತೆ?"

ನಗುತ್ತಾ ಕೇಳಿದ. ನಾನು ಬಸ್‌ಸ್ಟಾಪಿನವರೆಗೂ ನಡೆದೆ. ಹಾಸ್ಟೆಲಿಗೆ ಸೇರುವ ಮುಂಚೆ, ಚಿಕ್ಕವಳಿದ್ದಾಗ, ಶಾಲೆಯಿಂದ ಬಂದು ಅಡುಗೆಮನೆಯ ಕಿಟಕಿಯ ಹೊರಗೆ ನಿಂತು, ಒಳಗೆ ಕಾಲಿಡುವ ಮುಂಚೆ ನಿನ್ನ ಮುಖ ಓದುತ್ತಿದ್ದದ್ದು ನೆನಪಾಯಿತು. ಬಸ್ಸು ಬಂತು, ಹತ್ತಲಿಲ್ಲ. ತಿರುಗಿ ಹೋಗಿ ಸಂಶೋಧನೆಯ ಡಾಕ್ಟರ್ ಬ್ರಿಡೀ ಕಾಲ್ಡರ್ ಹತ್ತಿರ ಎಲ್ಲ ಹೇಳಿದೆ.

ಅವರು ಪೆನ್ನು ಕೆಳಗಿಟ್ಟರು. "ನೀನು ಹೇಳದೇ ಇದ್ದಿದ್ರೆ ನಮ್ಮ ಲೆಕ್ಕಾನೇ ಕೆಡ್ತಿತ್ತು, ಗೊತ್ತಾ? ಆರೋಗ್ಯವಂತರ ಪಟ್ಟಿಯಿಂದ ನಿನ್ನ ಹೆಸರು ತೆಗೀಬೇಕು."

"ನನ್ನ ಚಿತ್ರದಲ್ಲಿ ಅದು ಕಾಣುತ್ತಾ?" ಎಂದು ಕೇಳಿದೆ.

"ಕಾಣಲ್ಲ ಕಣೇ. ನೂರಾರು ಜನರ ಚಿತ್ರ ಒಟ್ಟು ಹಾಕಿದ್ರೆ ಕೂದಲೆಳೆಯಷ್ಟು ವ್ಯತ್ಯಾಸ ಸಿಗುತ್ತೆ. ಒಂದೇ ಚಿತ್ರ ಕೈಗೆ ಕೊಟ್ಟು ಇದು ಯಾರದು ಅಂದ್ರೆ, ಕಾಯಿಲೆಯವರದೋ ಪಾದ್ರಿಯದೋ, ನನಗೂ ಗೊತ್ತಾಗಲ್ಲ. ನಾಳೆ ನಿನಗೆ ಏನಾಗುತ್ತೆ ಅಂತ ಹೇಳೋ ಯಂತ್ರ ಅಲ್ಲ ಇದು."

ಅಳು ಬಂತು. ಸಮಾಧಾನಕ್ಕೋ ನಿರಾಸೆಗೋ ತಿಳಿಯಲಿಲ್ಲ. ಅವರು ಟೀ ಮಾಡಿಕೊಟ್ಟು ಹೇಳಿದರು, ಇನ್ನೊಂದು ಗುಂಪು ಇದೆಯಂತೆ: ಕಾಯಿಲೆ ಇರುವವರ ಮಕ್ಕಳು, ತಮಗೆ ಕಾಯಿಲೆ ಬಾರದವರು. ಅದಕ್ಕೆ ಜನವೇ ಸಿಗುವುದಿಲ್ಲವಂತೆ. "ಎಲ್ಲಾರೂ ನಿನ್ನ ಹಾಗೇ 'ಇಲ್ಲ' ಅಂತಾರೆ" ಎಂದರು. ಆ ಗುಂಪಿಗೆ ಸೇರಬೇಕಾದರೆ ನಿನ್ನ ವೈದ್ಯರನ್ನು ವಿಚಾರಿಸಲು ನಿನ್ನ ಒಪ್ಪಿಗೆ ಬೇಕು. ಫಾರಂ ಇದರ ಜೊತೆ ಇಟ್ಟಿದ್ದೇನೆ. ಇಷ್ಟವಿಲ್ಲದಿದ್ದರೆ ಒಲೆಗೆ ಹಾಕು, ನನಗೆ ಬೇಸರವಿಲ್ಲ. ನನ್ನ ಮಿದುಳಿನ ಚಿತ್ರವೊಂದನ್ನೂ ಕೊಟ್ಟರು, ಅದೂ ಇದೆ. ಪಕ್ಕದಿಂದ ತೆಗೆದದ್ದು, ಮೂಗು ಮಾತ್ರ ನಿನ್ನದೇ.

ಮಾತ್ರೆ ಬಿಡಬೇಡ, ಈ ತಿಂಗಳ ರಕ್ತಪರೀಕ್ಷೆ ಮರೆಯಬೇಡ. ದೇವರು ನಿನ್ನ ಬೆನ್ನಿಗಿರಲಿ. ಸಂಜೆಯ ಪ್ರಾರ್ಥನೆಯಲ್ಲಿ ನನ್ನ ಪರೀಕ್ಷೆಯನ್ನೂ ಸೇರಿಸಿಕೋ.

ನಿನ್ನ
ಲೂಪೆ

ತಾ.ಕ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: ಆ 'ಇಲ್ಲ' ಮೊದಲನೆಯದಲ್ಲ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಹಾಸ್ಟೆಲಿಗೆ ಪೋಷಕರು ಬರುವ ಭಾನುವಾರ, ನೀನು ಹಳದಿ ಉಡುಪು ಹಾಕಿಕೊಂಡು, ವ್ಯಾನಿನ ತುಂಬ ಅರುವತ್ತು ಪೊಟ್ಟಣ ಮಾಂಸ ತುಂಬಿಕೊಂಡು ಬಂದೆ. ಹಾಡುತ್ತಾ ಕಂಡಕಂಡ ಹುಡುಗಿಯರನ್ನೆಲ್ಲ ತಬ್ಬಿಕೊಂಡೆ. ವಾರ್ಡನ್ ನನ್ನನ್ನು ಕರೆದು "ಇವರು ನಿನ್ನ ತಾಯಿನಾ?" ಎಂದರು. "ಇಲ್ಲ ಇಲ್ಲ, ನಮ್ಮ ಚರ್ಚಿನವರು" ಎಂದೆ. ನೀನು ಹಿಂದೆಯೇ ನಿಂತಿದ್ದೆ. "ಹೌದು ಮೇಡಂ, ಚರ್ಚಿನವಳೇ" ಎಂದು ನಕ್ಕು, ಪೊಟ್ಟಣಗಳನ್ನೆಲ್ಲ ಇಳಿಸಿ ಹೊರಟುಹೋದೆ. ಇವತ್ತಿನವರೆಗೂ ನಾವಿಬ್ಬರೂ ಆ ಮಾತು ಎತ್ತಿಲ್ಲ.

ಫಾರಂನ ನಾಲ್ಕನೇ ಸಾಲಿನಲ್ಲಿ, ನೀನು ನನಗೆ ಏನಾಗಬೇಕು ಎಂದು ಕೇಳಿದ್ದಾರೆ. ಅದನ್ನು ನಾನೇ ತುಂಬಿದ್ದೇನೆ, ಅಳಿಸಲು ಬಾರದ ಹಾಗೆ, ಪೆನ್ನಿನಲ್ಲಿ. ನೀನು ಕೆಳಗೆ ಸಹಿ ಹಾಕಿದರೆ ಸಾಕು.